ಯುದ್ಧಪತ್ರಗಳೂ ವಂಶಚರಿತ್ರೆಯೂ: ಎಡೆದೊರೆ ನಾಡಿನ ದೃಷ್ಟಿಯಿಂದ ಒಂದು ವಿಮರ್ಶೆ

೧

ತಮ್ಮ ವಂಶದ ವೃತ್ತಾಂತವನ್ನು ಬರೆಯಿಸಿ ಅಚ್ಚುಹಾಕಿಸಬೇಕೆಂಬ ಅಭಿಲಾಷೆಯು ಕನ್ನಡನಾಡಿನ ಅನೇಕ ಮನೆತನಗಳಲ್ಲಿ ಈಚೆಗೆ ವಿಶೇಷವಾಗಿ ಕಂಡುಬರುತ್ತಿದೆ. ಅಭಿಲಾಷೆಯು ಸ್ತುತ್ಯವಾದುದೇ ಸರಿ. ಆದರೆ ಹೀಗೆ ಹೊರಬಿದ್ದ ವಂಶಾವಳಿಗಳನ್ನು ನಾಲ್ಕಾರು ಓದಿದವರಿಗೆ ಒಂದು ಸಂಗತಿಯು ತಾನಾಗಿಯೇ ಗೋಚರವಾಗುತ್ತದೆ. ಮೊದಲನೆಯ ಪುಟದಲ್ಲಿ ವಿಜಯನಗರದ ಒಬ್ಬ ದಳವಾಯಿ. ಎರಡನೆಯ ಪುಟದಲ್ಲಿ ಬರೆಯಿಸಿದವರ ಮುತ್ತಜ್ಜ. ನಡುವಣ ಮುನ್ನೂರು ವರ್ಷಗಳಿಗೆ, ಅನಂತರ ಈ ವಂಶದವರು ಇಲ್ಲಿಗೆ ಬಂದು ನೆಲೆಸಿದರು ಎಂಬರ್ಥದ ಒಂದು ವಾಕ್ಯ. ಈ ಒಂದು ವಾಕ್ಯದೊಳಗೆ ಹತ್ತು ಹನ್ನೆರಡು ತಲೆಮಾರುಗಳು ಮುಳುಗಿಹೋಗಿವೆ. ಅವನ್ನು ಮೇಲಕ್ಕೆತ್ತಬಲ್ಲ ಸಾಧನಗಳು ಯಾವುವು, ದೊರೆತ ಸಾಧನವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿಯ ವಿಚಾರ.

ಉತ್ತು ಬಿತ್ತಿ ಕಂದಾಯವನ್ನು ತೆತ್ತು ಬಾಳಿದ ಒಕ್ಕಲಿನವನ ಹೆಸರನ್ನು ಹಿಂದಿನ ರಾಜ್ಯಗಳು ಬರೆದಿಟ್ಟುದು ವಿರಳ. ಅದೇ ಮನುಷ್ಯನು ದಂಡಿಗೆ ಸೇರಿದರೆ, ಕಾಳಗದಲ್ಲಿ ಮಡಿದರೆ, ದಂಡು ಹಾದುಹೋದ ಕಾರಣದಿಂದ ಹೊಲವನ್ನು ಕಳೆದುಕೊಂಡರೆ, ಅಥವಾ ಗೆದ್ದ ದೊರೆಯಿಂದ ಹೊಲವನ್ನು ಪಡೆದರೆ, ಆಗ ಅವನ ಹೆಸರೂ ತಂದೆಯ ಹೆಸರೂ ಊರಿನ ಹೆಸರೂ ಬರಹಕ್ಕೆ ಏರುತ್ತವೆ. ಆದುದರಿಂದ ಸಾಮಾನ್ಯರ ವಂಶಚರಿತ್ರೆಗೆ ಶಾಂತಿಕಾಲದ ಪತ್ರಗಳಿಗಿಂತ ಯುದ್ಧಕಾಲದ ಪತ್ರಗಳೇ ಹೆಚ್ಚಿನ ಆಧಾರವಾಗುತ್ತವೆ. ಇವುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ಯುದ್ಧದ ನಿಮಿತ್ತವಾಗಿ ಭೂಮಿಯನ್ನು ಕೊಟ್ಟ ಶಾಸನಗಳು, ರಾಜ್ಯವು ಕೈಬದಲಾದಾಗ ಹಳೆಯ ಹಕ್ಕನ್ನು ಸಾಧಿಸುವುದಕ್ಕಾಗಿ ಬರೆಯಿಸಿದ ಕೈಫಿಯತ್ತು ಮತ್ತು ಇನಾಮು ಕಾಗದಗಳು, ಸೇನೆಯವರೇ ಬರೆದಿಟ್ಟ ಆಳುಪಟ್ಟಿ ಹಾಗೂ ಮರಣಲೇಖಗಳು.

ಈ ವಿಚಾರಕ್ಕೆ ಸಿಂಧನೂರು ಸೀಮೆಯ ಮುಕ್ಕುಂದದಂತಹ ಊರು ಒಳ್ಳೆಯ ದೃಷ್ಟಾಂತವಾಗುತ್ತದೆ. ತುಂಗಭದ್ರೆಯ ದಡದಲ್ಲಿರುವ ಈ ಗ್ರಾಮವು ಶಾಸನಗಳಲ್ಲಿ ಎಡೆದೊರೆ ಎರಡುಸಾವಿರವೆಂದು ಹೆಸರಾದ, ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ ಸೇರಿದುದು. ಚೋಳ ಚಾಲುಕ್ಯರು, ಬಹಮನಿ ವಿಜಯನಗರಗಳವರು ಈ ನೆಲಕ್ಕಾಗಿ ಮತ್ತೆ ಮತ್ತೆ ಕಾದಿದರು. ೧೫೨೦ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯನು ಗೆದ್ದನು. ೧೫೬೫ರ ಅನಂತರ ಅದು ವಿಜಾಪುರದವರದಾಯಿತು. ೧೬೮೬ರಲ್ಲಿ ವಿಜಾಪುರವು ಔರಂಗಜೇಬನಿಗೆ ವಶವಾಯಿತು. ಮುಂದೆ ನಿಜಾಮರ ಆಳ್ವಿಕೆ. ೧೮೫೩ರಿಂದ ೧೮೬೦ರ ವರೆಗೆ ಇಂಗ್ಲಿಷರ ಕೈಯಲ್ಲಿದ್ದು ಮತ್ತೆ ನಿಜಾಮರಿಗೆ ಸಂದಿತು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿತು. ೧೯೫೬ರಲ್ಲಿ ರಾಯಚೂರು ಸೀಮೆಯು ಕನ್ನಡ ರಾಜ್ಯಕ್ಕೆ ಕೂಡಿತು. ಒಂದೇ ಮನೆಯಲ್ಲಿ ಒಂದೇ ಹೊಲವನ್ನು ಉತ್ತುಕೊಂಡಿದ್ದ ಒಂದು ಕುಟುಂಬದ ಹೆಸರು ಕನ್ನಡ, ಪಾರಸಿ, ಮೋಡಿ, ಉರ್ದು, ಇಂಗ್ಲಿಷು ಎಂಬ ಇಷ್ಟು ಬರಹಗಳಲ್ಲಿ ಹಂಚಿಹೋಗಿರಬಹುದೆಂಬುದು ಇದರಿಂದ ವಿಶದವಾಗುತ್ತದೆ.

೨

ಪತ್ರಗಳನ್ನು ಹುಡುಕುವುದಕ್ಕಿಂತ ಮೊದಲು ಪತ್ರಗಳನ್ನು ತೂಗುವ ತಕ್ಕಡಿಯನ್ನು ಸಿದ್ಧಪಡಿಸಿಕೊಳ್ಳಬೇಕು. ಅದಕ್ಕಾಗಿ ದೂರ ಹೋಗಬೇಕಾದ ಅವಶ್ಯಕತೆಯಿಲ್ಲ. ಇದೇ ಸೀಮೆಗೆ ಉತ್ತರದಲ್ಲಿರುವ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ವ್ಯವಹಾರಾಧ್ಯಾಯದಲ್ಲಿ ಲಿಖಿತ, ಸಾಕ್ಷಿ, ಭುಕ್ತಿ ಎಂದು ಮೂರು ಮಾನುಷಪ್ರಮಾಣಗಳು ವಿಚಾರಿತವಾಗಿವೆ. ಬರಹವೊಂದೇ ಸಾಲದು, ಕಂಡವರ ಮಾತೊಂದೇ ಸಾಲದು, ಅನುಭವದಲ್ಲಿದೆಯೆಂಬುದೊಂದೇ ಸಾಲದು. ಒಂದನ್ನೊಂದು ಆಸರೆಮಾಡಿಕೊಂಡು ನಿಲ್ಲಬೇಕು. ಪತ್ರವು ಕಳೆದುಹೋದರೆ, ಅಕ್ಷರ ಅಳಿಸಿಹೋದರೆ, ಕಳುವಾದರೆ ಬೇರೊಂದು ಪತ್ರವನ್ನು ಮಾಡಿಸಬೇಕೆಂಬ ವಿಧಿಯೂ ಅಲ್ಲಿದೆ. ದಂಡು ಬಂದು ಊರು ಸುಟ್ಟುಹೋದ ನಾಡಿನಲ್ಲಿ ಈ ವಿಧಿಯ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಆದರೆ ವಂಶಚರಿತ್ರಕಾರನಿಗೆ ಇದರಿಂದ ಒಂದು ಎಚ್ಚರಿಕೆಯೂ ಒದಗುತ್ತದೆ: ಕೈಯಲ್ಲಿರುವ ಹಳೆಯ ಪತ್ರವು ಮೂಲವೋ, ಮೂಲವು ಹೋದ ಬಳಿಕ ನೆನಪಿನಿಂದ ಮಾಡಿಸಿದ ಎರಡನೆಯದೋ ಎಂದು ಮೊದಲು ಕೇಳಬೇಕು.

ಎರಡನೆಯ ತಕ್ಕಡಿಯು ಮೀಮಾಂಸಕರದು. ಅವರು ವೇದವಾಕ್ಯಗಳಲ್ಲಿ ಮಾಡಬೇಕಾದುದನ್ನು ಹೇಳುವ ವಿಧಿಯನ್ನೂ, ಅದನ್ನು ಹೊಗಳುವ ಅರ್ಥವಾದವನ್ನೂ ಬೇರ್ಪಡಿಸುತ್ತಾರೆ. ಅರ್ಥವಾದವು ಮತ್ತೆ ಮೂರು ಬಗೆ: ಬೇರೆ ಪ್ರಮಾಣಕ್ಕೆ ವಿರುದ್ಧವಾದುದು ಗುಣವಾದ, ಬೇರೆ ಪ್ರಮಾಣದಿಂದ ಆಗಲೇ ತಿಳಿದುದನ್ನು ಹೇಳುವುದು ಅನುವಾದ, ವಿರೋಧವೂ ಇಲ್ಲದ, ಬೇರೆಡೆ ತಿಳಿದುಬಾರದ ಸಂಗತಿಯನ್ನು ಹೇಳುವುದು ಭೂತಾರ್ಥವಾದ. ದಾನಶಾಸನಕ್ಕೂ ಹಕ್ಕಿನ ಅರ್ಜಿಗೂ ಈ ವಿಭಾಗವು ಚೆನ್ನಾಗಿ ಒಪ್ಪುತ್ತದೆ. ಇಂಥ ಹೊಲವು ಇಂಥವನಿಗೆ ಸಂದಿತು ಎಂಬ ಭಾಗವು ವಿಧಿಯ ಸ್ಥಾನದಲ್ಲಿದೆ. ಅವನ ವಂಶವು ಸೂರ್ಯನಿಂದ ಇಳಿದುಬಂದಿತು ಎಂಬ ಭಾಗವು ಅರ್ಥವಾದದ ಸ್ಥಾನದಲ್ಲಿದೆ. ಅರ್ಥವಾದವೆಂದಮಾತ್ರಕ್ಕೆ ಸುಳ್ಳಲ್ಲ, ಅದರಲ್ಲಿ ಮೂರರಲ್ಲಿ ಯಾವುದೆಂದು ನಿರ್ಣಯಿಸುವುದೇ ವಿಮರ್ಶೆಯ ಕೆಲಸ.

ಈ ರೀತಿಗೆ ಎಡೆದೊರೆಯೇ ಉದಾಹರಣೆಯನ್ನು ಒದಗಿಸುತ್ತದೆ. ೧೦೨೧ರ ಸುಮಾರಿನಲ್ಲಿ ರಾಜೇಂದ್ರಚೋಳನಿಗೂ ಚಾಲುಕ್ಯ ಜಯಸಿಂಹನಿಗೂ ಯುದ್ಧವಾಯಿತು. ಚೋಳನ ಪ್ರಶಸ್ತಿಯು ಎಡೆದೊರೆಯನ್ನು ಗೆದ್ದ ನಾಡುಗಳಲ್ಲಿ ಎಣಿಸಿ, ಮುಯಂಗಿಯಲ್ಲಿ ಜಯಸಿಂಹನು ಬೆನ್ನುತೋರಿದನೆನ್ನುತ್ತದೆ. ಆ ಸ್ಥಳವನ್ನು ಅನೇಕ ವಿದ್ವಾಂಸರು ಇಂದಿನ ಮಸ್ಕಿಯೆಂದು ಗುರುತಿಸಿದ್ದಾರೆ. ಜಯಸಿಂಹನ ಶಾಸನಗಳಾದರೋ ಅವನನ್ನು ಚೋಳನೆಂಬ ಆನೆಗೆ ಸಿಂಹವೆಂದು ಹೊಗಳುತ್ತವೆ. ಎರಡು ಹೊಗಳಿಕೆಗಳನ್ನು ಎದುರೆದುರಿಗಿಟ್ಟು ಎಷ್ಟು ತರ್ಕಿಸಿದರೂ ನಿರ್ಣಯವಾಗದು. ಆದರೆ ೧೦೨೪ರ ಮೀರಜಿನ ತಾಮ್ರಶಾಸನದಲ್ಲಿ ಜಯಸಿಂಹನು ಎಡೆದೊರೆ ಎರಡುಸಾವಿರದೊಳಗಣ ಕರಟಿಕಲ್ಲು ಮುನ್ನೂರಕ್ಕೆ ಸೇರಿದ ಒಂದು ಗ್ರಾಮವನ್ನು ದಾನಮಾಡಿದ್ದಾನೆ. ಕರಟಿಕಲ್ಲು ಎಂಬುದು ಲಿಂಗಸುಗೂರು ತಾಲ್ಲೂಕಿನ ಕರಡಕಲ್ಲು. ತನ್ನ ಕೈಯಲ್ಲಿಲ್ಲದ ನಾಡಿನ ಗ್ರಾಮವನ್ನು ದಾನಮಾಡಿದರೆ ಪಡೆದವನಿಗೆ ಫಲವಿಲ್ಲ. ಆದುದರಿಂದ ಆ ವರ್ಷದಲ್ಲಿ ನಾಡು ಯಾರ ಅಧೀನದಲ್ಲಿತ್ತೆಂಬುದನ್ನು ಹೊಗಳಿಕೆಯಿಂದಲ್ಲ, ದಾನದ ವಾಕ್ಯದಿಂದ ತಿಳಿಯಬೇಕು. ರಾಜರ ಚರಿತ್ರೆಯಲ್ಲಿ ಎಲ್ಲರೂ ಒಪ್ಪುವ ಈ ನ್ಯಾಯವನ್ನು ಮನೆತನದ ಚರಿತ್ರೆಗೆ ಬಂದಾಗ ಮರೆಯುವುದು ಏಕೆಂಬುದೇ ಆಶ್ಚರ್ಯ.

೩

ಯುದ್ಧದ ನಿಮಿತ್ತವಾದ ಭೂದಾನವು ಕನ್ನಡ ಬರಹದಷ್ಟೇ ಹಳೆಯದು. ೧೯೩೬ರಲ್ಲಿ ಎಂ. ಎಚ್. ಕೃಷ್ಣರಿಂದ ಬೆಳಕಿಗೆ ಬಂದ, ಸುಮಾರು ೪೫೦ರದೆಂದು ಎಣಿಸುವ ಹಲ್ಮಿಡಿಯ ಶಾಸನವನ್ನು ಭಾಷೆಯ ದೃಷ್ಟಿಯಿಂದ ಎಲ್ಲರೂ ಓದುತ್ತಾರೆ. ಅದರ ವಿಷಯವಾದರೋ ಕೇಕಯ ಪಲ್ಲವರೊಡನೆ ಕಾದಿ ಜಯವನ್ನು ಪಡೆದ ವಿಜ ಅರಸನಿಗೆ ಎರಡು ಹಳ್ಳಿಗಳು ಸಂದುದು. ಆ ದಾನಕ್ಕೆ ಬಾಳ್ಗಳ್ಚು, ಎಂದರೆ ಬಾಳನ್ನು, ಕತ್ತಿಯನ್ನು, ತೊಳೆದು ಕೊಟ್ಟುದು ಎಂದು ಹೆಸರು. ಸೇಂದ್ರಕ ಬಾಣ ಎಂಬ ಎರಡು ನಾಡುಗಳ ವೀರರ ಸಮಕ್ಷದಲ್ಲಿ ಕೊಟ್ಟುದೆಂದು ಹೇಳಿರುವುದರಿಂದ ಲಿಖಿತದೊಡನೆ ಸಾಕ್ಷಿಯೂ ಸೇರಿದಂತಾಯಿತು. ಅಪಹರಿಸಿದವನಿಗೆ ಪಾಪವನ್ನು ಹೇಳಿರುವುದರಿಂದ ಮುಂದಣ ಭುಕ್ತಿಗೂ ಕಾವಲು ಕಟ್ಟಿದಂತಾಯಿತು. ಹಕ್ಕಿನ ಪತ್ರಕ್ಕೆ ಬೇಕಾದ ಅಂಗಗಳೆಲ್ಲವೂ ಆಗಲೇ ಅಲ್ಲಿವೆ.

ಹತ್ತನೆಯ ಶತಮಾನದ ಆತಕೂರು ಶಾಸನವು ಇನ್ನೂ ಬೋಧಪ್ರದವಾದುದು. ೯೪೯ರ ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದಕ್ಕಾಗಿ ರಾಷ್ಟ್ರಕೂಟ ಕೃಷ್ಣನು ಅವನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಕೊಟ್ಟನು. ಬೂತುಗನು ತನ್ನ ಆಳಾದ ಮಣಲೆರನಿಗೆ ಆತುಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚಾಗಿ ಕೊಟ್ಟನು. ಮಣಲೆರನು ದೊರೆಯಿಂದ ಬೇಡಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು. ಹಂದಿಯೊಡನೆ ಕಾದಿ ಸತ್ತ ಆ ನಾಯಿಗಾಗಿಯೇ ಕಲ್ಲು ನಿಂತಿತು. ಈ ಶಾಸನದಲ್ಲಿ ಮಣಲೆರನನ್ನು ಸಗರವಂಶದವನೆಂದೂ ವಳಭೀಪುರದ ಒಡೆಯನೆಂದೂ ವರ್ಣಿಸಿದೆ. ವಂಶಾವಳಿಯನ್ನು ಬರೆಯುವವನು ಮೊದಲು ಹಿಡಿಯುವುದು ಈ ಎರಡು ವಿಶೇಷಣಗಳನ್ನೇ. ಕೋಟೆಯೂರನ್ನು ಅವನು ಬಿಟ್ಟುಬಿಡುತ್ತಾನೆ. ವಿಮರ್ಶಕನ ಮಾರ್ಗವು ಇದಕ್ಕೆ ವಿಪರೀತ. ಸಗರನಿಂದ ಮಣಲೆರನ ವರೆಗೆ ಒಂದು ತಲೆಮಾರನ್ನೂ ತೋರಿಸಲಾಗದು. ಆತುಕೂರಿನಿಂದ ಮುಂದಕ್ಕೆ ಒಂದೆರಡು ತಲೆಮಾರನ್ನಾದರೂ ಹುಡುಕಬಹುದು.

ಓದಿನ ಒಂದು ಅಕ್ಷರದಿಂದ ಮನೆತನದ ಮಾನವೇ ಹೋಗಬಹುದೆಂಬುದಕ್ಕೂ ಈ ಶಾಸನವೇ ನಿದರ್ಶನ. ಬೂತುಗನು ರಾಜಾದಿತ್ಯನನ್ನು ಇರಿದುದನ್ನು ಹೇಳುವ ಮಾತಿನಲ್ಲಿ ಕಳ್ಳನಾಗೆ ಎಂದು ಓದಿದವರು ಅವನು ವಂಚನೆಯಿಂದ ಕೊಂದನೆಂದು ಅರ್ಥಮಾಡಿದರು. ಆ ಸ್ಥಳದಲ್ಲಿ ಕಳನಾಗೆ ಎಂಬ ಪಾಠವನ್ನು ಹಿಡಿದು, ಆನೆಯ ಬಿಸುಗೆಯನ್ನೇ ಕಾಳಗದ ಕಣವಾಗಿ ಮಾಡಿಕೊಂಡು ಇರಿದನೆಂದು ಮುಂದಣವರು ತಿದ್ದಿದರು. ಒಂದು ಒತ್ತಕ್ಷರದ ಅಂತರದಲ್ಲಿ ವೀರನು ವಂಚಕನಾಗಿ ಕೆಲವು ಕಾಲ ನಿಂತಿದ್ದನು.

ಬೇಗೂರಿನ ಕಲ್ಲು ಮತ್ತೊಂದು ಪಾಠವನ್ನು ಕಲಿಸುತ್ತದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದುದನ್ನು ಕೇಳಿ ಗಂಗ ಎರೆಯಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಪಟ್ಟವು ಸಂದುದನ್ನು ಕಂಡೊಡನೆ ಇರುಗನನ್ನು ಮಗನೆಂದು ಬರೆದು ಗೆರೆಯನ್ನೆಳೆಯುವುದು ಸುಲಭ. ಆದರೆ ಪಟ್ಟದ ಕ್ರಮವು ಬೇರೆ, ರಕ್ತದ ಕ್ರಮವು ಬೇರೆ. ಮಗನು, ತಮ್ಮನು, ಅಳಿಯನು, ಇಲ್ಲವೆ ಜೊತೆಯ ಸಾಮಂತನು, ಯಾರೂ ಪಟ್ಟವನ್ನು ಪಡೆಯಬಹುದು. ಭೂಮಿಯು ಕೈಯಿಂದ ಕೈಗೆ ಹೋದ ದಾರಿಯನ್ನು ಪತ್ರವು ತೋರಿಸುತ್ತದೆ. ಹುಟ್ಟಿನ ದಾರಿಯನ್ನು ತೋರಿಸುತ್ತದೆಯೆಂದು ಹೇಳಬೇಕಾದರೆ ಸಂಬಂಧವಾಚಕವಾದ ಒಂದು ಪದವಾದರೂ ಅಲ್ಲಿರಬೇಕು.

೪

ಸತ್ತ ಸೈನಿಕನ ಮನೆಯನ್ನು ರಾಜ್ಯವು ಸಾಕಬೇಕೆಂಬುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಬಂದಿರುವ ನೀತಿ. ಕೆಲಸದಲ್ಲಿ ಮಡಿದವರ ಹೆಂಡಿರು ಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕೆಂದು ಅವನ ಅಭಿಪ್ರಾಯ. ಕನ್ನಡನಾಡಿನಲ್ಲಿ ಅದು ನೆತ್ತರುಗೊಡಗೆ, ರಕ್ತಕೊಡಗಿ ಎಂಬ ಹೆಸರುಗಳಿಂದ ಭೂಮಿಯ ರೂಪದಲ್ಲಿ ನಡೆದುಬಂದಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಭೂಮಿಯನ್ನು ಪಡೆದವನ ಮರಣಾನಂತರ ಅದು ಯಾರಿಗೆ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರವು ಸುಲಭವಾದ ಉತ್ತರವನ್ನು ಕೊಡುವುದಿಲ್ಲ. ಶೌರ್ಯದಿಂದ ಸಂಪಾದಿಸಿದ ಧನವನ್ನು ಅಣ್ಣತಮ್ಮಂದಿರಿಗೆ ಹಂಚಬೇಕಾಗಿಲ್ಲವೆಂಬುದು ಸಾಮಾನ್ಯ ನಿಯಮ. ಪಿತೃದ್ರವ್ಯಕ್ಕೆ ಕುಂದು ತಾರದೆ ಸಂಪಾದಿಸಿರಬೇಕೆಂಬುದು ಮಿತಾಕ್ಷರೆಯ ಕಟ್ಟಳೆ. ಮನೆಯ ಸಾಮಾನ್ಯವಾದ ವಾಹನವನ್ನೋ ಆಯುಧವನ್ನೋ ಹಿಡಿದು ಹೋಗಿ ಗೆದ್ದಿದ್ದರೆ ಗೆದ್ದವನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು ಪಾಲು ಎಂದು ವ್ಯಾಸನ ಮತ.

ಕುದುರೆ ಯಾರದು ಎಂಬ ಈ ಪ್ರಶ್ನೆಯು ಪುಸ್ತಕದೊಳಗಣ ಪ್ರಶ್ನೆಯಷ್ಟೇ ಅಲ್ಲ. ಮರಾಠರ ಹಾಗೂ ಅವರ ಬಳಿಕದ ಸೇನೆಗಳಲ್ಲಿ ಸ್ವಂತ ಕುದುರೆಯುಳ್ಳವನು ಶಿಲೇದಾರ, ಇತರರ ಕುದುರೆಯನ್ನು ಏರುವವನು ಬಾರಗೀರ. ಇಂಗ್ಲಿಷರ ಕಾಲದ ರಾವುತ ದಳಗಳಲ್ಲಿಯೂ ಶಿಲೇದಾರಿ ಪದ್ಧತಿಯು ಮೊದಲನೆಯ ಮಹಾಯುದ್ಧದ ವರೆಗೆ ಉಳಿದಿತ್ತು. ಮನೆಯ ಹಳೆಯ ಕಾಗದದಲ್ಲಿ ಈ ಎರಡು ಪದಗಳಲ್ಲಿ ಯಾವುದಿದೆಯೆಂಬುದನ್ನು ನೋಡಿದರೆ ಆ ಕುಟುಂಬದ ಅಂದಿನ ಸ್ಥಿತಿಗತಿಯು ಅರಿವಾಗುತ್ತದೆ. ವಂಶಾವಳಿಗಳಲ್ಲಾದರೋ ಬಾರಗೀರರೆಲ್ಲರೂ ಸರದಾರರಾಗಿಬಿಟ್ಟಿದ್ದಾರೆ.

ಇದೇ ಸಂದರ್ಭದಲ್ಲಿ ವಿಧವೆಯ ವಿಚಾರವೂ ಬರುತ್ತದೆ. ಮಿತಾಕ್ಷರೆಯ ಪ್ರಕಾರ ಗಂಡುಸಂತಾನವಿಲ್ಲದೆ ವಿಭಕ್ತನಾಗಿ ಸತ್ತವನ ಧನವು ಮೊದಲು ಪತ್ನಿಗೆ ಸಲ್ಲುತ್ತದೆ. ಅವಿಭಕ್ತನಾಗಿದ್ದರೆ ಅಣ್ಣತಮ್ಮಂದಿರಲ್ಲಿಯೇ ನಿಲ್ಲುತ್ತದೆ. ಹಾಗಿರಲು ಜಮೀನಿನ ಪತ್ರದಲ್ಲಿ ವಿಧವೆಯ ಹೆಸರು ಬಂದರೆ ಮನೆಯು ಪಾಲಾಗಿತ್ತೆಂದು ಊಹಿಸಲು ಎಡೆಯುಂಟು. ಬಾರದಿದ್ದರೆ ಹೆಂಡತಿಯೇ ಇರಲಿಲ್ಲವೆಂದು ಊಹಿಸಲು ಎಡೆಯಿಲ್ಲ. ಹಕ್ಕಿಲ್ಲದ ಕಾರಣದಿಂದ ಹೆಸ್ರನ್ನು ಬರೆಯದಿರುವುದಕ್ಕೂ, ಆ ವ್ಯಕ್ತಿಯೇ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ಅನೇಕ ಮನೆತನಗಳ ವೃಕ್ಷದಲ್ಲಿ ಹೆಣ್ಣುಮಕ್ಕಳಿಲ್ಲದ ಕೊಂಬೆಗಳು ಕಾಣುವುದು ಪ್ರಕೃತಿಯ ವೈಚಿತ್ರ್ಯದಿಂದಲ್ಲ, ಪತ್ರದ ಪ್ರಯೋಜನದ ಸಂಕೋಚದಿಂದ.

೫

ಎರಡನೆಯ ಬಗೆಯ ಪತ್ರಗಳು ರಾಜ್ಯಾಂತರಗಳ ಸಂತಾನ. ೧೮೦೦ರಲ್ಲಿ ನಿಜಾಮನು ತುಂಗಭದ್ರೆಯ ದಕ್ಷಿಣದ ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಮುಕ್ಕುಂದದ ಈಚೆಯ ದಡವು ನಿಜಾಮನದು, ಆಚೆಯ ದಡವು ಕುಂಪಣಿಯದು ಎಂದಾಯಿತು. ಹೊಳೆಯ ಎರಡು ದಡಗಳಲ್ಲಿ ನೆಂಟಸ್ತನವಿದ್ದ ಕುಟುಂಬಗಳ ಕಾಗದಗಳು ಅಂದಿನಿಂದ ಎರಡು ಸರಕಾರಗಳಲ್ಲಿ ಬೇರೆಬೇರೆಯಾಗಿ ಬೆಳೆದವು. ಆಚೆಯ ದಡದಲ್ಲಿ ಥಾಮಸ್ ಮನ್ರೋ ಪಾಳೆಯಗಾರರ ಹಕ್ಕುಗಳನ್ನು ವಿಚಾರಿಸಿದನು. ಕರ್ನಲ್ ಮೆಕೆಂಜಿಯ ಸಹಾಯಕರು ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದರು. ೧೮೫೮ರ ಬಳಿಕ ಮದ್ರಾಸಿನ ಇನಾಮು ಕಮಿಷನ್ನಿನವರು ಮೊದಲು ಪಡೆದವನ ಹೆಸರು, ಈಗಿನ ಅನುಭವದಾರನ ಹೆಸರು, ವಯಸ್ಸು, ವಾರಸಿಕೆಯ ಸಂಬಂಧ ಇವನ್ನೆಲ್ಲ ದಾಖಲೆಮಾಡಿದರು. ಮುಂಬಯಿ ಕರ್ಣಾಟಕದಲ್ಲಿ ೧೮೫೨ರ ಕಾಯಿದೆಯಂತೆ ಇದೇ ವಿಚಾರಣೆಯು ಇನ್ನೂ ಕಠೋರವಾಗಿ ನಡೆಯಿತು. ನಿಜಾಮನ ನಾಡಿನಲ್ಲಿ ಅತಿಯಾತ್ ಕಚೇರಿಯ ವಿರಾಸತ್ ವಿಚಾರಣೆಗಳೂ, ತೀರ್ಪಿನ ರೂಪದಲ್ಲಿ ಕೊಟ್ಟ ಮುಂತಖಬುಗಳೂ ಇದೇ ಜಾತಿಯವು.

ಈ ಪತ್ರಗಳನ್ನು ಓದುವಾಗ ಮರೆಯಬಾರದ ಮಾತು ಒಂದೇ: ಇವುಗಳಲ್ಲಿ ವಂಶವನ್ನು ಹೇಳಿದವನು ವಂಶದ ಮೇಲಣ ಪ್ರೀತಿಯಿಂದ ಹೇಳಿದವನಲ್ಲ, ಹೊಲವು ಉಳಿಯಬೇಕೆಂದು ಹೇಳಿದವನು. ತುಂಡಾಗದೆ ಬಂದ ಸಂತತಿಯಿದ್ದರೆ ಇನಾಮು ಉಳಿಯುತ್ತದೆಯೆಂದು ತಿಳಿದಿದ್ದಾಗ ಯಾವ ವಂಶದಲ್ಲಿಯೂ ಸಂತತಿಯು ತುಂಡಾಗುವುದಿಲ್ಲ. ದತ್ತಕನು ಔರಸನೆಂದು ಕರೆಯಿಸಿಕೊಳ್ಳುತ್ತಾನೆ, ಅಳಿಯನು ಮಗನಾಗುತ್ತಾನೆ. ದತ್ತಕಕ್ಕೆ ಅನುಮತಿಯು ದೊರೆಯದುದು ನರಗುಂದದ ೧೮೫೮ರ ಬಂಡಾಯದ ಕಾರಣಗಳಲ್ಲೊಂದೆಂಬುದನ್ನು ನೆನೆದರೆ, ಸಾಮಾನ್ಯ ಮನೆಗಳವರು ದತ್ತಕವನ್ನು ಮರೆಸಿದುದರಲ್ಲಿ ಆಶ್ಚರ್ಯವಿಲ್ಲ. ದೊರೆಗಳ ನಡುವೆಯೂ ಕೂಟಶಾಸನಗಳು ಇಲ್ಲದಿರಲಿಲ್ಲ; ಗಂಗರ ತಾಮ್ರಪಟಗಳಲ್ಲಿ ಅನೇಕವು ಕೃತ್ರಿಮಗಳೆಂದು ಫ್ಲೀಟ್ ಸಾಹೇಬರು ವಾದಿಸಿದುದು ಪ್ರಸಿದ್ಧವಾಗಿದೆ.

ಹಾಗಾದರೆ ಇವು ನಿಷ್ಪ್ರಯೋಜಕವೇ? ಅಲ್ಲ. ಹಕ್ಕಿಗೆ ಸಾಧಕವಾದ ಮಾತು ಗುಣವಾದವಾಗಬಹುದು; ಹಕ್ಕಿಗೆ ಬಾಧಕವಾಗಿದ್ದರೂ ಬರೆದಿರುವ ಮಾತು, ಮತ್ತು ಹಕ್ಕಿಗೆ ಸಂಬಂಧವೇ ಇಲ್ಲದೆ ಪ್ರಾಸಂಗಿಕವಾಗಿ ಬಂದ ಮಾತು, ಭೂತಾರ್ಥವಾದವೆಂದು ಗ್ರಹಿಸಲು ಯೋಗ್ಯ. ಮುತ್ತಜ್ಜನು ಶೂರನೆಂದುದಕ್ಕಿಂತ, ಅವನು ಸಾಲಕ್ಕಾಗಿ ಅರ್ಧ ಹೊಲವನ್ನು ಒತ್ತೆಯಿಟ್ಟನೆಂದುದು ಹೆಚ್ಚು ನಂಬಿಕೆಗೆ ತಕ್ಕುದು. ಎದುರುಪಕ್ಷದವರ ತಕರಾರು ಅರ್ಜಿಯು ಸಿಕ್ಕರೆ ಅದನ್ನು ಮೊದಲು ಓದಬೇಕು.

ಶತ್ರುವಿನ ಬರಹವೂ ವಂಶಪತ್ರವಾಗುತ್ತದೆಯೆಂಬುದನ್ನು ಸುರಪುರದ ಸಂಗತಿಯು ತೋರಿಸುತ್ತದೆ. ೧೮೫೮ರಲ್ಲಿ ರಾಜಾ ವೆಂಕಟಪ್ಪನಾಯಕನ ಮೇಲೆ ನಡೆದ ದಂಡಿನ ಒಂದು ಭಾಗವು ಹೊರಟುದು ಲಿಂಗಸುಗೂರಿನ ಛಾವಣಿಯಿಂದ. ಆಗಿನ ಸರಕಾರಿ ಬರಹಗಳಲ್ಲಿ ದಂಗೆಕೋರನೆಂದು ಬರೆಯಿಸಿಕೊಂಡವನು ಇಂದು ಮನೆಯವರಿಗೆ ವೀರ. ವಿಶೇಷಣವು ಬದಲಾಯಿತು, ವಿಶೇಷ್ಯವು, ಎಂದರೆ ಹೆಸರೂ ಊರೂ ಕಾಲವೂ, ಬದಲಾಗಲಿಲ್ಲ. ಚರಿತ್ರೆಗೆ ಬೇಕಾದುದು ವಿಶೇಷ್ಯ.

೬

ಮೂರನೆಯ ಬಗೆಯು ಸೇನೆಯ ಪಟ್ಟಿಗಳು. ಹೈದರಾಬಾದಿನ ಪ್ರಾಚ್ಯಪತ್ರಾಗಾರದಲ್ಲಿ ಶಹಾಜಹಾನ ಔರಂಗಜೇಬರ ಕಾಲದ ಒಂದೂವರೆ ಲಕ್ಷದಷ್ಟು ಪಾರಸಿ ಕಾಗದಗಳಿವೆ. ಅವುಗಳಲ್ಲಿ ಅರ್ಜ್ ಓ ಚೆಹರಾ ಎಂಬ ಜಾತಿಯವು ಸೈನಿಕನ ಹೆಸರು, ತಂದೆಯ ಹೆಸರು, ನಾಡು, ಹಣೆ, ಹುಬ್ಬು, ಕಣ್ಣು, ಮೂಗು, ಮಚ್ಚೆ, ಗಾಯದ ಗುರುತು ಇವುಗಳನ್ನು ಹೇಳಿ, ಕುದುರೆಯ ಬಣ್ಣವನ್ನೂ ಅದಕ್ಕೆ ಹಾಕಿದ ಮುದ್ರೆಯನ್ನೂ ವರ್ಣಿಸುತ್ತವೆ. ಒಬ್ಬನ ಬದಲಿಗೆ ಮತ್ತೊಬ್ಬನು ಬಂದು ಸಂಬಳವನ್ನು ಪಡೆಯದಿರಲೆಂದು ಬರೆದ ಈ ಪಟ್ಟಿಯು ಯಾವ ಪ್ರಶಸ್ತಿಯೂ ಕೊಡದುದನ್ನು ಕೊಡುತ್ತದೆ: ಒಬ್ಬ ಸಾಮಾನ್ಯ ದಂಡಾಳಿನ ಮುಖವನ್ನು. ಇಲ್ಲಿ ಹೊಗಳಿಕೆಗೆ ಅವಕಾಶವಿಲ್ಲ. ಏಕೆಂದರೆ ಹೊಗಳಿದರೆ ಪಟ್ಟಿಯು ವ್ಯರ್ಥ.

ಆದರೆ ಇಲ್ಲಿಯೂ ಪ್ರಮಾದಗಳಿಗೆ ಕೊರತೆಯಿಲ್ಲ. ಲಿಂಗಸುಗೂರಿನಲ್ಲಿ ಹೈದರಾಬಾದು ಕಂಟಿಂಜೆಂಟಿನ ದಂಡು ಇತ್ತೆಂದಮಾತ್ರಕ್ಕೆ ದಂಡಾಳುಗಳು ಆ ಸೀಮೆಯವರಲ್ಲ; ಉತ್ತರ ಹಿಂದುಸ್ಥಾನದಿಂದ ಬಂದವರು ಅದರಲ್ಲಿ ಅನೇಕರಿದ್ದರು. ಹೆಸರಿನ ಬರವಣಿಗೆಯ ತೊಡಕು ಅದಕ್ಕಿಂತ ದೊಡ್ಡದು. ಉರ್ದುವಿನಲ್ಲಿ ಒತ್ತಕ್ಷರದ ಗುರುತನ್ನೂ ಹ್ರಸ್ವಸ್ವರವನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲವಾದುದರಿಂದ ಮುಕ್ಕುಂದ ಎಂಬ ಊರಿನ ಹೆಸರೂ ಮುಕುಂದ ಎಂಬ ಮನುಷ್ಯನ ಹೆಸರೂ ಕಾಗದದಲ್ಲಿ ಒಂದೇ ಆಗಿ ತೋರಬಹುದು. ಊರನ್ನು ಮುತ್ತಜ್ಜನೆಂದು ಭ್ರಮಿಸಿ ವೃಕ್ಷಕ್ಕೆ ಒಂದು ಕೊಂಬೆಯನ್ನು ಸೇರಿಸುವುದು ಹೀಗೆಯೇ. ಕಾಲಗಣನೆಯಲ್ಲಿಯೂ ಹಾಗೆಯೇ. ನಿಜಾಮನ ಕಾಗದಗಳ ಫಸಲಿ ವರ್ಷಕ್ಕೆ ೫೯೦ನ್ನು ಕೂಡಿದರೆ ಸ್ಥೂಲವಾಗಿ ಕ್ರಿಸ್ತಶಕವು ಬರುತ್ತದೆ. ೧೩೫೮ ಫಸಲಿಯು ೧೯೪೮ರಲ್ಲಿ ಮೊದಲಾಗುತ್ತದೆ. ಅದನ್ನೇ ಹಿಜರಿಯೆಂದು ತಿಳಿದರೆ ೧೯೩೯ ಆಗುತ್ತದೆ. ಒಂಬತ್ತು ವರ್ಷಗಳ ಈ ತಪ್ಪಿನಿಂದ ತಂದೆಗಿಂತ ಮೊದಲು ಮಗನು ಪಿಂಚಣಿಯನ್ನು ಪಡೆದಂತಾಗುವುದೂ ಉಂಟು.

ಕಂಟಿಂಜೆಂಟಿನ ದಳಗಳು ೧೯೦೩ರಲ್ಲಿ ಭಾರತದ ಸೇನೆಯೊಳಗೆ ಲೀನವಾದವು. ಅವುಗಳಲ್ಲೊಂದಾದ ೨೦ನೆಯ ಡೆಕ್ಕನ್ ಹಾರ್ಸ್ ೧೯೧೬ರ ಜುಲೈ ೧೪ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಹೋರಾಡಿತು. ೧೯೧೮ರ ಸೆಪ್ಟೆಂಬರ ೨೩ರಂದು ಹೈಫಾ ಪಟ್ಟಣವನ್ನು ಹಿಡಿದ ದಳಗಳಲ್ಲಿ ಮೈಸೂರಿನ ರಾವುತರಿದ್ದರು. ಈ ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಯುದ್ಧಸಮಾಧಿಗಳ ಕಮಿಷನ್ನು ಸಂಗ್ರಹಿಸಿದೆ. ಅದರ ಪಟ್ಟಿಗಳಲ್ಲಿ ಅನೇಕ ಕಡೆ ಇಂಥವನ ಮಗ, ಇಂಥವಳ ಗಂಡ, ಇಂಥ ಊರಿನವನು ಎಂಬ ವಿವರವುಂಟು. ಜಮೀನಿನ ಪತ್ರವು ಮುಚ್ಚಿಟ್ಟ ವಿಧವೆಯು ಇಲ್ಲಿ ಹೊರಬರುತ್ತಾಳೆ. ಏಕೆಂದರೆ ಸಂಬಳದ ಬಾಕಿಗೂ ಕುಟುಂಬದ ಪಿಂಚಣಿಗೂ ಅರ್ಜಿದಾರಳು ಅವಳೇ. ಒಂದೇ ಮನೆಯ ಎರಡು ಪತ್ರಗಳನ್ನು ಜೊತೆಯಲ್ಲಿಟ್ಟು ಓದಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವು ಬೇಕಾಗಿಲ್ಲ.

ಆದರೆ ಇಲ್ಲಿಯೂ ಎಲ್ಲರಿಗೂ ಸಮನಾದ ಸ್ಥಾನವು ದೊರೆಯಲಿಲ್ಲ. ೧೯೨೯ರಲ್ಲಿ ಅನಾವರಣವಾದ ಬಸರಾ ಸ್ಮಾರಕದಲ್ಲಿ ಮೂವತ್ತಮೂರು ಸಾವಿರಕ್ಕೂ ಮಿಕ್ಕ ಭಾರತೀಯ ಸಿಪಾಯಿಗಳನ್ನು ಹೆಸರಿಲ್ಲದೆ ಸಂಖ್ಯೆಯಾಗಿಯಷ್ಟೇ ಕೆತ್ತಿದರು. ಅಧಿಕಾರಿಗಳಿಗೆ ಮಾತ್ರ ಹೆಸರು. ಈ ಅಸಮತೆಯನ್ನು ಆ ಕಮಿಷನ್ನೇ ೨೦೨೧ರಲ್ಲಿ ಒಪ್ಪಿಕೊಂಡು ಕ್ಷಮೆಯನ್ನು ಬೇಡಿತು. ಹತ್ತನೆಯ ಶತಮಾನದ ಆತಕೂರಿನಲ್ಲಿ ಒಂದು ನಾಯಿಗೆ ಹೆಸರು ಸಂದಿತು, ಇಪ್ಪತ್ತನೆಯ ಶತಮಾನದ ಬಸರೆಯಲ್ಲಿ ಮನುಷ್ಯರಿಗೆ ಸಲ್ಲಲಿಲ್ಲ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೇಸರಗತ್ತೆಗಳನ್ನು ನಡೆಸಿದವರು, ನೀರು ಹೊತ್ತವರು, ಹೆಣ ಎತ್ತಿದವರು ಇವರ ಮನೆಗಳಲ್ಲಿ ವಂಶಾವಳಿಯೂ ಇಲ್ಲ, ತಾಮ್ರಪಟವೂ ಇಲ್ಲ. ಅವರ ಸಂತತಿಗೆ ಈ ಪಟ್ಟಿಯ ಒಂದು ಸಾಲೇ ಸರ್ವಸ್ವ. ಅಂತಹ ಸಾಲನ್ನು ಹುಡುಕಿಕೊಡುವುದು, ಇದ್ದ ವಂಶಾವಳಿಗೆ ಇನ್ನೊಬ್ಬ ದಳವಾಯಿಯನ್ನು ಸೇರಿಸುವುದಕ್ಕಿಂತ ನೂರು ಪಾಲು ಮೇಲು.

೭

೧೯೪೮ರ ಸೆಪ್ಟೆಂಬರ ೧೩ರಿಂದ ೧೭ರ ವರೆಗಿನ ಪೋಲೀಸು ಕಾರ್ಯಾಚರಣೆಯೂ, ಅದಕ್ಕೆ ಮೊದಲು ರಜಾಕಾರರ ಹಾವಳಿಯೂ ಎಡೆದೊರೆಯ ಇತ್ತೀಚಿನ ಯುದ್ಧಕಾಲವೆನ್ನಬಹುದು. ಗಡಿಯಾಚೆಯ ಶಿಬಿರಗಳಲ್ಲಿ ನಿಂತು ಹೋರಾಡಿದವರು ಮುಂದೆ ಸ್ವಾತಂತ್ರ್ಯಯೋಧರ ಪಿಂಚಣಿಯನ್ನು ಬೇಡಿದಾಗ ಲಿಖಿತವು ದುರ್ಲಭವಾಗಿ, ಜೊತೆಯಲ್ಲಿದ್ದವರ ಪ್ರಮಾಣಪತ್ರವೆಂಬ ಸಾಕ್ಷಿಯೇ ಆಧಾರವಾಯಿತು. ಸುಳ್ಳುಸಾಕ್ಷಿಯ ವಿವಾದಗಳು ನ್ಯಾಯಾಸ್ಥಾನಗಳ ವರೆಗೆ ಹೋದವು. ವಿಜ್ಞಾನೇಶ್ವರನ ಸಾಕ್ಷಿಪ್ರಕರಣವು ಹಳೆಯದಾಗಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಮುಂದೆ ಇದೇ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವಬಂಗಾಳದಿಂದ ಬಂದ ನಿರಾಶ್ರಿತರಿಗೆ ಪುನರ್ವಸತಿ ಶಿಬಿರಗಳಾದವು. ಬಿಟ್ಟುಬಂದ ಮನೆಯ ಕಾಗದವು ದೊರೆಯದ ಅವರಿಗೆ, ಬಂದ ದಿನ ಬರೆಯಿಸಿಕೊಂಡ ನೊಂದಣಿಯ ಚೀಟಿಯೇ ವಂಶದ ಮೊದಲ ಶಾಸನ.

೧೯೪೯ರಲ್ಲಿ ಜಾಗೀರುಗಳೂ, ೧೯೫೫ರ ಕಾಯಿದೆಯಿಂದ ಇನಾಮುಗಳೂ ಹೈದರಾಬಾದು ಸೀಮೆಯಲ್ಲಿ ರದ್ದಾದವು. ಅಂದಿನಿಂದ ಮುಂತಖಬು, ಸನದು, ಕೈಫಿಯತ್ತು ಇವುಗಳಿಗೆ ಕಚೇರಿಯಲ್ಲಿ ಮೊದಲಿನ ಬೆಲೆಯಿಲ್ಲ. ಮನೆಯಲ್ಲಿ ಅವುಗಳನ್ನು ಓದಬಲ್ಲವರೂ ಇಲ್ಲ. ಇದರಿಂದ ಒಂದು ವಿಪರೀತ ಸ್ಥಿತಿಯು ಒದಗಿದೆ. ಪತ್ರದಿಂದ ಹೊಲವು ಬರುತ್ತಿದ್ದ ಕಾಲದಲ್ಲಿ ಅದನ್ನು ಪಕ್ಷಪಾತವಿಲ್ಲದೆ ಓದುವುದು ಅಸಾಧ್ಯವಾಗಿತ್ತು. ಪ್ರತಿಯೊಬ್ಬನೂ ತನ್ನ ಹಕ್ಕಿಗೆ ತಕ್ಕಂತೆ ಓದುತ್ತಿದ್ದನು. ಹಕ್ಕು ಹೋದ ಮೇಲೆ ಅದೇ ಪತ್ರವು ಶುದ್ಧವಾದ ಚರಿತ್ರಸಾಧನವಾಗಿದೆ. ದತ್ತಕನನ್ನು ದತ್ತಕನೆಂದೂ ಬಾರಗೀರನನ್ನು ಬಾರಗೀರನೆಂದೂ ಹೇಳಿದರೆ ಯಾರ ಗೇಣು ನೆಲವೂ ಈಗ ಹೋಗುವುದಿಲ್ಲ. ಆದರೆ ನಿಜವನ್ನು ನಿರ್ಭಯವಾಗಿ ಹೇಳಬಹುದಾದ ಈ ಕಾಲದಲ್ಲಿಯೇ ಪತ್ರಗಳು ರದ್ದಿಯ ಜೊತೆಯಲ್ಲಿ ತೂಕಕ್ಕೆ ಹೋಗುತ್ತಿವೆ.

ಆದುದರಿಂದ ವಂಶಚರಿತ್ರೆಯಲ್ಲಿ ಆಸಕ್ತರಾದವರು ಮಾಡಬೇಕಾದುದು ಇಷ್ಟು. ಮನೆಯಲ್ಲಿರುವ ಪ್ರತಿಯೊಂದು ಕಾಗದವನ್ನೂ, ಓದಲು ಬಾರದುದನ್ನು ಮೊದಲು, ಪ್ರತಿಮಾಡಿಸಿಡಬೇಕು. ಮೋಡಿ, ಪಾರಸಿ, ಉರ್ದುಗಳನ್ನು ಬಲ್ಲವರಿಂದ ಅಕ್ಷರಶಃ ಓದಿಸಬೇಕು. ಸಾರಾಂಶವನ್ನು ಕೇಳಿ ತೃಪ್ತರಾಗಬಾರದು. ಯಾರು, ಯಾವಾಗ, ಯಾವ ಲಾಭಕ್ಕಾಗಿ ಬರೆಯಿಸಿದರೆಂಬುದನ್ನು ಕಾಗದದ ಹಿಂಬದಿಯಲ್ಲಿ ಗುರುತುಮಾಡಬೇಕು. ಹೊಗಳಿಕೆಯನ್ನೂ ದಾನದ ಮಾತನ್ನೂ ಬೇರ್ಪಡಿಸಬೇಕು. ಸಂಬಂಧವನ್ನು ಹೇಳುವ ಪದವಿಲ್ಲದೆಡೆ ಗೆರೆಯನ್ನೆಳೆಯದೆ ಚುಕ್ಕೆಗಳನ್ನಿಟ್ಟು ಬಿಡಬೇಕು. ಚುಕ್ಕೆಗಳಿರುವ ವಂಶವೃಕ್ಷವು ನೋಡಲು ಬಡವಾಗಿ ಕಂಡರೂ, ಆ ಚುಕ್ಕೆಗಳ ಸ್ಥಾನದಲ್ಲಿ ನಾಳೆ ಒಂದು ಹೆಸರು ದೊರೆತು ಕುಳಿತುಕೊಳ್ಳುವುದಕ್ಕೆ ಎಡೆಯಿರುತ್ತದೆ. ಸುಳ್ಳು ದಳವಾಯಿಯು ಆಕ್ರಮಿಸಿದ ಸ್ಥಾನದಲ್ಲಿ ನಿಜವಾದ ಮುತ್ತಜ್ಜನಿಗೆ ಎಡೆಯೇ ಇರುವುದಿಲ್ಲ.